ಆ ಟೀ ಶರ್ಟ್ ಎಲ್ಲಿ ತಗೊಂಡೆ ಅಂತ ಕೇಳುವವರಿಗೆ

"ಈ ಟೀ ಶರ್ಟ್ ಎಲ್ಲಿ ಸಿಕ್ತು? ಲಿಂಕ್ ಕಳ್ಸು."

ಲಿಫ್ಟಿನಲ್ಲಿ ಪಕ್ಕ ನಿಂತವರು ಕೇಳುತ್ತಾರೆ. ಆಫೀಸಿಗೆ ಹೊಸದಾಗಿ ಸೇರಿದವರು ತಮ್ಮ ಹೆಸರು ಹೇಳುವ ಮೊದಲೇ ಕೇಳುತ್ತಾರೆ. ಹಳೇ ಸಹಪಾಠಿಯೊಬ್ಬ ಎರಡು ವರ್ಷ ಆದಮೇಲೆ ಮೆಸೇಜ್ ಮಾಡಿದ. ಹೇಗಿದ್ದೀಯ ಅಂತ ಕೂಡ ಇಲ್ಲ. ನನ್ನದೇ ಫೋಟೋ ಮೇಲೆ ಕೆಂಪು ಸುತ್ತು ಹಾಕಿ ಕೆಳಗೆ "ಲಿಂಕ್" ಅಂತ ಒಂದೇ ಪದ. ಇಷ್ಟು ದಿನ ಎಲ್ಲರಿಗೂ ನಗುನಗುತ್ತಾ ಉತ್ತರ ಕೊಟ್ಟೆ. ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ: ಲಿಂಕ್ ಇಲ್ಲ. ಯಾಕಿಲ್ಲ ಅನ್ನುವುದು ಕೊನೆಯಲ್ಲಿ ಬರುತ್ತದೆ. "ಕೂಲ್ ಟೀ ಶರ್ಟ್ ಸಿಗೋ ಒಂದು ಸೈಟ್ ಹೇಳು" ಅಂತ ಕೇಳುವವರಿಗೂ ಇದೇ ಉತ್ತರ. ಅಂಥ ಒಂದು ಸೈಟ್ ಇಲ್ಲ. ಒಳ್ಳೇ ಶರ್ಟ್ ಇರುವ ಜಾಗದಲ್ಲೇ ನೂರು ಕೆಟ್ಟ ಶರ್ಟೂ ಇರುತ್ತವೆ. ಆರಿಸುವುದು ನಿಮ್ಮ ಕಣ್ಣಿನ ಕೆಲಸ.

ಒಂದು ಕಾಲದಲ್ಲಿ ನಾನೂ ಲಿಂಕ್ ಕಳಿಸುತ್ತಿದ್ದೆ. ಬಿಟ್ಟಿದ್ದು ಒಬ್ಬ ಸ್ನೇಹಿತನ ದೆಸೆಯಿಂದ.

ಎಲ್ಲರೂ ಕೇಳುವ ಆ ಶರ್ಟ್ ಕಂದು ಬಣ್ಣದ್ದು. ಎದೆ ಮೇಲೆ ಹಳೇ ಕಾಲದ, ಮರದ ಪೆಟ್ಟಿಗೆಯ ರೇಡಿಯೋ. ಡಯಲ್ ಹಿಂದೆ ದೀಪ ಹತ್ತಿದೆ. ಆ ಬೆಳಕಿಗೆ ಬಂದು ಕೂತ ಒಂದು ದೊಡ್ಡ ಪತಂಗ. ಇಷ್ಟೇ ಚಿತ್ರ, ದೊಡ್ಡ ಬರಹವೇನೂ ಇಲ್ಲ. ಸ್ನೇಹಿತ ಕೇಳಿದ, ಲಿಂಕ್ ಕಳಿಸಿದೆ. ಅವನಿಗೆ ಬೆಲೆ ಜಾಸ್ತಿ ಅನ್ನಿಸಿತು. ಅದು ತಪ್ಪಲ್ಲ, ಯಾರಿಗಾದರೂ ಅನ್ನಿಸಬಹುದು. ಅವನು ಚಿತ್ರವನ್ನು ಇಮೇಜ್ ಸರ್ಚ್‌ಗೆ ಹಾಕಿ ಹುಡುಕಿದ. ಅದೇ ಚಿತ್ರದ ಶರ್ಟ್ ಇನ್ನೊಂದು ಕಡೆ ಅರ್ಧಕ್ಕಿಂತ ಕಡಿಮೆಗೆ ಸಿಕ್ಕಿತು. ತರಿಸಿಕೊಂಡ. ಬಂದ ಮೇಲೆ ನನ್ನ ಹತ್ತಿರವೇ ದೂರು ತಂದ. "ನಿನ್ನ ಮಾತು ಕೇಳಿ ತಗೊಂಡೆ ಕಣೋ, ನೋಡು ಏನು ಬಂದಿದೆ."

ಎರಡೂ ಶರ್ಟನ್ನು ಮೇಜಿನ ಮೇಲೆ ಅಕ್ಕಪಕ್ಕ ಹಾಸಿದೆ.

ಅವನದು ಕಪ್ಪು ಬಟ್ಟೆ. ಚಿತ್ರದ ಮೇಲೆ ಕೈ ಇಟ್ಟರೆ ರೆಕ್ಸಿನ್ ಮುಟ್ಟಿದ ಹಾಗೆ. ಇಡೀ ಚಿತ್ರ ಒಂದು ಹಾಳೆ, ಬಟ್ಟೆಗೂ ಅದಕ್ಕೂ ಸಂಬಂಧವೇ ಇಲ್ಲ. ಸ್ವಲ್ಪ ಎಳೆದೆ, ಅಂಚಿನಲ್ಲಿ ಬಿರುಕು ಕಂಡಿತು. ನನ್ನ ಶರ್ಟಿನಲ್ಲಿ ಪತಂಗದ ಮೀಸೆ ಪುಕ್ಕದ ಹಾಗಿದೆ, ಒಂದೊಂದು ಎಳೆಯೂ ಬೇರೆಬೇರೆ. ಅವನದರಲ್ಲಿ ಎಳೆಗಳೆಲ್ಲ ಅಂಟಿಕೊಂಡು ಎರಡು ಕಡ್ಡಿಯಾಗಿದ್ದವು. ಡಯಲ್ ಮೇಲಿನ ಅಂಕಿಗಳು ಕದಡಿದ್ದವು. ನನ್ನ ಪತಂಗದ ರೆಕ್ಕೆಯಲ್ಲಿ ಕಾಣುವ ಕಂದು ಶಾಯಿಯಲ್ಲ. ಅಲ್ಲಿ ಏನೂ ಅಚ್ಚಾಗಿಲ್ಲ, ಬಟ್ಟೆಯೇ ಕಾಣುತ್ತದೆ. ಅವನದರಲ್ಲಿ ಅಲ್ಲಿ ಕಂದು ಬಣ್ಣದ ತೇಪೆ ಇತ್ತು. ಯಾರೋ ಸೈಟಿನಲ್ಲಿದ್ದ ನನ್ನ ಶರ್ಟಿನ ಫೋಟೋವನ್ನೇ ಕತ್ತರಿಸಿ, ಬಟ್ಟೆಯ ಬಣ್ಣವನ್ನೂ ಸೇರಿಸಿ ಅಚ್ಚು ಹಾಕಿದ್ದರು.

ಆಮೇಲೆ ಕೆಳಗೆ ನೋಡಿದೆ. ನನ್ನ ಶರ್ಟಿನಲ್ಲಿ ರೇಡಿಯೋದ ಎಡಗಾಲಿನ ಹತ್ತಿರ ಪುಟ್ಟದಾಗಿ ಐದು ಅಕ್ಷರ ಇವೆ. ಅವನದರಲ್ಲಿ ಮೊದಲ ಎರಡು ಅಕ್ಷರ ಉಳಿದಿದ್ದವು. ಮಿಕ್ಕಿದ್ದನ್ನು ಒರೆಸಿದ್ದರು.

"ಅದೇನು?" ಅಂದ.

"ಸಹಿ" ಅಂದೆ. "ಬರೆದವರದ್ದು."

ಅಲ್ಲಿಯವರೆಗೆ ನಾನೂ ಆ ಐದು ಅಕ್ಷರವನ್ನು ಸರಿಯಾಗಿ ಓದಿರಲಿಲ್ಲ. ಒಂದು ವರ್ಷ ಹಾಕಿಕೊಂಡು ಓಡಾಡಿದ್ದೆ. ಆ ದಿನದಿಂದ ಶರ್ಟ್ ಕೊಳ್ಳುವ ನನ್ನ ರೀತಿಯೇ ಬದಲಾಯಿತು.

ಇದು ಎಲ್ಲೋ ಒಂದು ಕಡೆ ಆಗುವ ಕಳ್ಳತನ ಅಂದುಕೊಳ್ಳಬೇಡಿ. 2019ರ ಡಿಸೆಂಬರ್‌ನಲ್ಲಿ ಟ್ವಿಟ್ಟರ್‌ನಲ್ಲಿದ್ದ ಕಲಾವಿದರು ಇದನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿದರು. ಅವರು ಗಮನಿಸಿದ್ದು ಇಷ್ಟು: ಯಾರಾದರೂ ಒಂದು ಚಿತ್ರದ ಕೆಳಗೆ "ಇದು ಟೀ ಶರ್ಟ್ ಮೇಲೆ ಬೇಕು" ಅಂತ ಬರೆದರೆ ಸಾಕು, ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳು, ಆ ಚಿತ್ರವನ್ನು ಎತ್ತಿಕೊಂಡು ಸ್ವಲ್ಪ ಹೊತ್ತಿನಲ್ಲೇ ಶರ್ಟ್ ಮಾಡಿ ಮಾರಾಟಕ್ಕೆ ಇಡುತ್ತಿದ್ದವು. ಹಾಗಾಗಿ ಕಲಾವಿದರು ಬೇಕಂತಲೇ "ಈ ಸೈಟ್ ಕದ್ದ ಚಿತ್ರ ಮಾರುತ್ತದೆ" ಎಂಬ ಅರ್ಥದ ಚಿತ್ರಗಳನ್ನು ಬರೆದು ಹಾಕಿದರು. ಕೆಳಗೆ ಎಲ್ಲರೂ "ಶರ್ಟ್ ಬೇಕು, ಶರ್ಟ್ ಬೇಕು" ಅಂತ ಬರೆದರು. ಬಾಟ್‌ಗಳು ಅವನ್ನೂ ಅಚ್ಚು ಹಾಕಲು ಇಟ್ಟವು! ತಮ್ಮ ಕಳ್ಳತನದ ಬೋರ್ಡನ್ನು ತಾವೇ ನೇತುಹಾಕಿದವು. ಆ ಕಲಾವಿದರ ಜಾಣತನ ನೆನೆದರೆ ಇವತ್ತಿಗೂ ಖುಷಿಯಾಗುತ್ತದೆ.

ಸರಿ, ಹಾಗಾದರೆ ಹೇಗೆ ನೋಡಬೇಕು? ಮೊದಲು ಫೋಟೋ. ಒಂದೇ ಮಾಡೆಲ್, ಒಂದೇ ಭಂಗಿ, ಬಟ್ಟೆಯ ಮಡಿಕೆಯೂ ಅದೇ, ಚಿತ್ರ ಮಾತ್ರ ಬೇರೆಬೇರೆ. ಹಾಗಿದ್ದರೆ ಆ ಶರ್ಟ್ ಇನ್ನೂ ಹುಟ್ಟಿಲ್ಲ, ನೀವು ನೋಡುತ್ತಿರುವುದು ಕಂಪ್ಯೂಟರ್‌ನಲ್ಲಿ ಕೂರಿಸಿದ ಚಿತ್ರ. ಅಷ್ಟಕ್ಕೇ ಅದು ಕದ್ದದ್ದು ಅಂತಲ್ಲ. ಪ್ರಾಮಾಣಿಕ ಕಲಾವಿದರೂ ಹೀಗೇ ಇಡುತ್ತಾರೆ. ಆದರೆ ನಿಜವಾದ ಶರ್ಟಿನ ಒಂದಾದರೂ ಹತ್ತಿರದ ಫೋಟೋ ಇದೆಯಾ ನೋಡಿ. ಕೊಂಡವರು ಹಾಕಿದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಅಂಗಡಿಯ ಬೇರೆ ಚಿತ್ರಗಳನ್ನು ನೋಡಿ. ಒಬ್ಬರೇ ಬರೆದವಾದರೆ ಒಂದು ಕೈ ಗೊತ್ತಾಗುತ್ತದೆ. ಗೆರೆ ಎಳೆಯುವ ರೀತಿ, ಮತ್ತೆ ಮತ್ತೆ ಬರುವ ಬಣ್ಣ, ಅಕ್ಷರದ ತಿರುವು. ಅದೇ ಒಂದು ಅಂಗಡಿಯಲ್ಲಿ ಹತ್ತು ಕೈಯ ಚಿತ್ರ ಇದ್ದು ಒಬ್ಬರ ಹೆಸರೂ ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಪ್ರಿಂಟ್. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಕಾಗುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಅಂದರೆ ಸಣ್ಣ ಜಾಲರಿಯ ಮೂಲಕ ಶಾಯಿಯನ್ನು ರಬ್ಬರ್ ಪಟ್ಟಿಯಿಂದ ತಳ್ಳಿ ಬಟ್ಟೆಗೆ ಇಳಿಸುವುದು. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ಮೂರು ಬಣ್ಣ ಅಂದರೆ ಮೂರು ಸ್ಕ್ರೀನ್, ಮೂರು ಸಲ ತಾಳೆ ಹಾಕಿ ಅಚ್ಚು. ಸಾಮಾನ್ಯವಾಗಿ ಬಳಸುವುದು ಪ್ಲಾಸ್ಟಿಸಾಲ್ ಅನ್ನುವ ಪ್ಲಾಸ್ಟಿಕ್ ಶಾಯಿ. ಅದನ್ನು ಸುಮಾರು 160 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹದ ಮಾಡಬೇಕು. ಹದ ಸಾಲದಿದ್ದರೆ ನಾಲ್ಕು ಒಗೆತಕ್ಕೆ ಬಿರುಕು ಬಿಡುತ್ತದೆ, ಉದುರುತ್ತದೆ. ನೀರಿನ ಶಾಯಿ ಬಟ್ಟೆಯೊಳಗೆ ಇಳಿಯುತ್ತದೆ, ಕೈಗೆ ಮೆತ್ತಗೆ. ಡಿಸ್ಚಾರ್ಜ್ ಅಂತ ಇನ್ನೊಂದಿದೆ. ಅದು ಹತ್ತಿ ಬಟ್ಟೆಯ ಬಣ್ಣವನ್ನು ತೆಗೆದು ಆ ಜಾಗದಲ್ಲಿ ಹೊಸ ಬಣ್ಣ ಕೂರಿಸುತ್ತದೆ. ಕಣ್ಣು ಮುಚ್ಚಿ ಸವರಿದರೆ ಚಿತ್ರ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗದು. ವಿಂಟೇಜ್ ಥರದ ಶರ್ಟಿಗೆ ನನ್ನ ಮನಸ್ಸಿಗೆ ಬರುವುದು ಇವೆರಡೇ.

ಆರ್ಡರ್ ಬಂದ ಮೇಲೆ ಒಂದೊಂದೇ ಶರ್ಟ್ ಮಾಡುವವರು ಬಹಳ ಸಲ ಬಳಸುವುದು ಡಿಟಿಜಿ. ಇಂಕ್‌ಜೆಟ್ ಪ್ರಿಂಟರ್ ಕಾಗದದ ಮೇಲೆ ಮಾಡುವುದನ್ನು ಇದು ಬಟ್ಟೆ ಮೇಲೆ ಮಾಡುತ್ತದೆ. ಸ್ಕ್ರೀನ್ ಬೇಡ, ಬಂಡವಾಳ ಹಾಕಿ ನೂರು ಶರ್ಟ್ ಮೊದಲೇ ಮಾಡಿಡಬೇಕಾಗಿಲ್ಲ. ಇದರಿಂದಾಗಿ ಸಣ್ಣ ಕಲಾವಿದರೂ ಅಂಗಡಿ ತೆರೆಯಬಹುದು. ಹಾಗಾಗಿ ಡಿಟಿಜಿಯನ್ನು ಕಳಪೆ ಅಂತ ಬೈಯುವವರ ಜೊತೆ ನಾನಿಲ್ಲ. ಒಳ್ಳೇ ಬಟ್ಟೆ ಮೇಲೆ ಸರಿಯಾಗಿ ಮಾಡಿದರೆ ಚೆನ್ನಾಗೇ ಇರುತ್ತದೆ. ಡಿಟಿಎಫ್ ಬೇರೆ: ಫಿಲ್ಮ್ ಮೇಲೆ ಅಚ್ಚು ಹಾಕಿ, ಅಂಟಿನ ಪುಡಿ ಹಾಕಿ, ಬಿಸಿ ಒತ್ತಿ ಬಟ್ಟೆಗೆ ಹಚ್ಚುವುದು. ಸಣ್ಣ ಚಿತ್ರಕ್ಕೆ ಪರವಾಗಿಲ್ಲ. ಎದೆ ತುಂಬಾ ಬಂದರೆ ಗಾಳಿಯಾಡುವುದಿಲ್ಲ, ಬೆವರುತ್ತೀರಿ. ನನ್ನ ಸ್ನೇಹಿತನಿಗೆ ಬಂದದ್ದು ಅಂಥದ್ದೇ. ಯಾವ ಪ್ರಿಂಟ್ ಅಂತ ಬರೆದಿಲ್ಲದಿದ್ದರೆ ಕೇಳಿ. ಮಾಡುವವರಾದರೆ ಖುಷಿಯಿಂದ ಹೇಳುತ್ತಾರೆ.

ಬಟ್ಟೆಗೆ ಜಿಎಸ್‌ಎಂ ನೋಡಿ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಅಂತ. 140 ತೆಳು, 180 ದಿನಬಳಕೆಗೆ ಸರಿ, 220 ದಾಟಿದರೆ ದಪ್ಪ.

ಈಗ ವಿಂಟೇಜ್ ವಿಷಯ. ಈ ಪದವನ್ನು ಸುಮ್ನೆ ಎಲ್ಲದಕ್ಕೂ ಅಂಟಿಸುತ್ತಾರೆ. ನಿಜವಾಗಿ ಹಳೆಯದು ಬೇರೆ, ಹಳೆಯದರ ಥರ ಮಾಡಿದ್ದು ಬೇರೆ. ಎರಡೂ ನನಗೆ ಇಷ್ಟ, ಆದರೆ ಯಾವುದು ಅಂತ ಹೇಳಿ ಮಾರಬೇಕು ಅಲ್ವಾ? ಕೈಕೆಲಸದ ಮತ್ತು ಹಳೇ ವಸ್ತು ಮಾರುವ ಎಟ್ಸಿ ಸೈಟಿನಲ್ಲಿ ಕನಿಷ್ಠ 20 ವರ್ಷ ಹಳೆಯದಾದರೆ ಮಾತ್ರ ವಿಂಟೇಜ್ ಅಂತ ಹಾಕಬೇಕು ಅಂತ ನಿಯಮವಿದೆ. ಹಳೇ ಶರ್ಟ್ ಅಂತ ಮಾರುವವರ ಹತ್ತಿರ ತೋಳಿನ ಅಂಚಿನ ಫೋಟೋ ಕೇಳಿ. 1990ರ ದಶಕದ ನಡುವಿನವರೆಗೆ ಅಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಹೊಲಿಗೆ ಇರುತ್ತಿತ್ತು. ಆಮೇಲೆ ಬಂದವುಗಳಲ್ಲಿ ಎರಡು ಸಾಲು. ಆ ಒಂದೇ ಸಾಲಿನ ಹೊಲಿಗೆಯನ್ನೇ ಸಿಂಗಲ್ ಸ್ಟಿಚ್ ಅನ್ನುವುದು. ಈಗ ಹೊಸದಕ್ಕೂ ಹಾಗೆ ಹೊಲಿಯುವವರಿದ್ದಾರೆ, ಅದೊಂದನ್ನೇ ನಂಬಬೇಡಿ. ಚಿತ್ರದ ಕೆಳಗೆ 1987 ಅಂತ ಇದ್ದರೆ ಶರ್ಟ್ 1987ರದ್ದೇ ಆಗಬೇಕಿಲ್ಲ. ಅದು ಚಿತ್ರದ ಹಕ್ಕಿನ ವರ್ಷ, ಅಚ್ಚು ನಿನ್ನೆ ಹಾಕಿರಬಹುದು. ಕತ್ತಿನ ಲೇಬಲ್ಲಿನ ಫೋಟೋ ತರಿಸಿಕೊಳ್ಳಿ. ಅದರಲ್ಲಿ ಆರ್‌ಎನ್ ಸಂಖ್ಯೆ ಇದ್ದರೆ ಅದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಗಳಿಗೆ ಕೊಡುವ ಸಂಖ್ಯೆ. ಅವರ ಸೈಟಿನಲ್ಲೇ ಹುಡುಕಿದರೆ ಯಾವ ಕಂಪನಿ ಅಂತ ಗೊತ್ತಾಗುತ್ತದೆ.

ಹೊಸದಾಗಿ ಹಳೆಯ ಥರ ಮಾಡಿದವುಗಳಲ್ಲಿ ಬಿರುಕನ್ನೂ ಚಿತ್ರದಲ್ಲೇ ಬರೆದಿರುತ್ತಾರೆ. ಚೆನ್ನಾಗಿ ಬರೆದಿದ್ದರೆ ಬಿರುಕು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಒಂದೇ ಅಂಗಡಿಯ ಹತ್ತು ಶರ್ಟಿನಲ್ಲಿ ಅದೇ ಬಿರುಕು, ಅದೇ ಜಾಗದಲ್ಲಿ ಕಂಡರೆ ಯಾರೂ ಮನಸ್ಸಿಟ್ಟು ಕೆಲಸ ಮಾಡಿಲ್ಲ ಅಂತ ತಿಳಿಯಿರಿ.

ಅಳತೆಗೆ ಎಂ, ಎಲ್ ನೋಡಬೇಡಿ. ಮೈಗೆ ಚೆನ್ನಾಗಿ ಕೂರುವ ನಿಮ್ಮದೇ ಒಂದು ಶರ್ಟನ್ನು ನೆಲಕ್ಕೆ ಹಾಸಿ, ಕಂಕುಳಿಂದ ಕಂಕುಳಿಗೆ ಟೇಪ್ ಹಿಡಿಯಿರಿ. ಆ ಅಂಕಿ ಬರೆದಿಟ್ಟುಕೊಳ್ಳಿ. ಹಳೇ ಶರ್ಟುಗಳಂತೂ ಒಗೆದು ಒಗೆದು ಗಿಡ್ಡ ಆಗಿರುತ್ತವೆ, ಉದ್ದವನ್ನೂ ಕೇಳಲೇಬೇಕು.

ಇಷ್ಟೆಲ್ಲ ಹೇಳಿದೆ. ಆದರೂ ನೀವು ಕೇಳಬೇಕಾಗಿದ್ದ ಪ್ರಶ್ನೆ ಇದಾಗಿರಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರಾದರೂ "ಇದನ್ನು ಬರೆದವರು ಯಾರು?" ಅಂತ ಕೇಳಿಲ್ಲ. ಒಬ್ಬರೂ ಇಲ್ಲ. ಗೋಡೆ ಮೇಲೆ ಚಿತ್ರ ಇದ್ದರೆ ಮೊದಲು ಕೇಳುವುದೇ ಅದು. ಅದೇ ಚಿತ್ರ ಬಟ್ಟೆ ಮೇಲೆ ಬಂದ ಕೂಡಲೇ ಅಂಗಡಿ ಯಾವುದು ಅಂತ ಕೇಳುತ್ತೇವೆ. ನನಗೆ ಬೇಜಾರಾಗುವುದು ಇಲ್ಲಿಯೇ. ಥ್ರೆಡ್‌ಲೆಸ್ ಅನ್ನುವ ಟೀ ಶರ್ಟ್ ಸೈಟ್ 2000ದಲ್ಲಿ ಶಿಕಾಗೋದಲ್ಲಿ ಶುರುವಾದದ್ದೇ ಕಲಾವಿದರು ಚಿತ್ರ ಕಳಿಸುವುದು, ಜನ ಓಟು ಹಾಕುವುದು, ಗೆದ್ದದ್ದನ್ನು ಅಚ್ಚು ಹಾಕುವುದು ಎಂಬ ಯೋಚನೆಯಿಂದ. 2006ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ ರೆಡ್‌ಬಬಲ್ ಸೈಟಿನಲ್ಲೂ ಚಿತ್ರದ ಜೊತೆ ಹಾಕಿದವರ ಹೆಸರಿರುತ್ತದೆ. ಆ ಹೆಸರು ಒತ್ತಿ ನೋಡಿ. ಅವರ ಬೇರೆ ಕೆಲಸ, ಅವರದೇ ಸ್ವಂತ ಅಂಗಡಿ ಸಿಗಬಹುದು. ಒಬ್ಬರಿಂದ ಇನ್ನೊಬ್ಬರು ಸಿಗುತ್ತಾರೆ. ನನ್ನ ಕಪಾಟಿನಲ್ಲಿರುವ ಒಳ್ಳೇ ಶರ್ಟೆಲ್ಲ ಸಿಕ್ಕಿದ್ದು ಹೀಗೆ.

ಆ ದಿನ ಸಂಜೆಯೇ ಐದು ಅಕ್ಷರ ಹಿಡಿದು ಹುಡುಕಿದೆ. ಬರೆದವರು ಸಿಕ್ಕರು. ಎರಡೂ ಶರ್ಟಿನ ಫೋಟೋ ಕಳಿಸಿ, ಹೀಗಾಗಿದೆ ಅಂತ ಬರೆದೆ. ಎರಡು ದಿನ ಬಿಟ್ಟು ಅವರ ಉತ್ತರ ಬಂತು. ನಕಲನ್ನು ತೆಗೆಸಲು ದೂರು ಕೊಟ್ಟಿದ್ದೇನೆ, ಇದು ಮೂರನೇ ಸಲ ಅಂತ ಬರೆದಿದ್ದರು. ಆಮೇಲೆ ರೆಕ್ಕೆಯ ಬಗ್ಗೆ ಬರೆದಿದ್ದರು. ಮೂರು ಸ್ಕ್ರೀನಿಗಿಂತ ಜಾಸ್ತಿ ಮಾಡಿಸುವಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲವಂತೆ. ನಾಲ್ಕನೇ ಬಣ್ಣಕ್ಕೆ ಬಟ್ಟೆಯನ್ನೇ ಬಳಸೋಣ ಅಂತ ಕಂದು ಬಟ್ಟೆ ಆರಿಸಿ, ರೆಕ್ಕೆಯ ಆ ಭಾಗವನ್ನು ಖಾಲಿ ಬಿಟ್ಟು ಬರೆದರಂತೆ. ಜೊತೆಗೆ ಪೆನ್ಸಿಲಿನ ಮೊದಲ ಸ್ಕೆಚ್ಚಿನ ಫೋಟೋ ಕಳಿಸಿದ್ದರು. ಅದರಲ್ಲಿ ಪತಂಗದ ರೆಕ್ಕೆಯೊಳಗೆ "ಇಲ್ಲಿ ಏನೂ ಬೇಡ" ಅಂತ ಸಣ್ಣದಾಗಿ ಬರೆದುಕೊಂಡಿದ್ದಾರೆ.

ಆ ಶರ್ಟನ್ನು ಅವರು ಒಂದೇ ಸಲ ಅಚ್ಚು ಹಾಕಿಸಿದ್ದು. ಎಲ್ಲ ಮಾರಿಹೋಗಿವೆ. ಸ್ಕ್ರೀನುಗಳನ್ನು ತೊಳೆದು ಬೇರೆ ಚಿತ್ರಕ್ಕೆ ಬಳಸಿಯಾಯಿತು. ಲಿಂಕ್ ಇಲ್ಲ ಅಂದದ್ದು ಇದಕ್ಕೇ. ಎಲ್ಲಾದರೂ ಈಗ ಆ ಚಿತ್ರದ ಹೊಸ ಶರ್ಟ್ ಕಂಡರೆ, ರೇಡಿಯೋದ ಎಡಗಾಲಿನ ಹತ್ತಿರ ನೋಡಿ.

ಅವರು ಈಗ ಇನ್ನೊಂದು ಚಿತ್ರ ಬರೆಯುತ್ತಿದ್ದಾರೆ. ಏನು ಅಂತ ಹೇಳಿಲ್ಲ, ಎರಡೇ ಸ್ಕ್ರೀನ್ ಅಂತ ಮಾತ್ರ ಹೇಳಿದ್ದಾರೆ. ನನಗೊಂದು ಎತ್ತಿಡಿ, ಕಂಕುಳಿಂದ ಕಂಕುಳಿಗೆ 20 ಇಂಚು ಅಂತ ಬರೆದು ಕಳಿಸಿದ್ದೇನೆ.