ಎಂಆರ್‌ಐ ಕಂಡುಹಿಡಿದವರು ಯಾರು?

ದೇಹದೊಳಗಿನ ಚಿತ್ರ ತೆಗೆಯುವ ಎಂಆರ್‌ಐ ಕಂಡುಹಿಡಿದವರು ಡಮಾಡಿಯನ್ ಅವರೋ, ಲಾಟರ್ಬರ್ ಅವರೋ ಎಂದು ಓದುಗರು ನನ್ನನ್ನು ಆಗಾಗ ಕೇಳುತ್ತಾರೆ. ಒಂದೇ ಹೆಸರು ಹೇಳಲೇಬೇಕೆಂದರೆ ನಾನು ಹೇಳುವುದು ಪಾಲ್ ಲಾಟರ್ಬರ್ ಹೆಸರನ್ನೇ. ಆದರೆ ಕಾರಣ ಬಿಡಿಸಿ ಹೇಳದಿದ್ದರೆ ಉಳಿದವರಿಗೆ ಅನ್ಯಾಯವಾಗುತ್ತದೆ.

ಬಲವಾದ ಕಾಂತಕ್ಷೇತ್ರದಲ್ಲಿರುವ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ನಿರ್ದಿಷ್ಟ ಆವರ್ತನದ ರೇಡಿಯೋ ತರಂಗಕ್ಕೆ ಸ್ಪಂದಿಸುತ್ತವೆ ಎಂಬುದು 1946ರಿಂದಲೇ ತಿಳಿದಿತ್ತು. ಇಲಿಗಳ ಗಡ್ಡೆಗಳಲ್ಲಿ ಈ ನ್ಯೂಕ್ಲಿಯಸ್‌ಗಳು ಮೊದಲಿನ ಸ್ಥಿತಿಗೆ ಮರಳಲು ಆರೋಗ್ಯವಂತ ಅಂಗಾಂಶದಲ್ಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು 1971ರಲ್ಲಿ ನ್ಯೂಯಾರ್ಕಿನ ವೈದ್ಯ ರೇಮಂಡ್ ಡಮಾಡಿಯನ್ ತೋರಿಸಿದರು. ರೋಗಪತ್ತೆಯ ಆಸೆ ಹುಟ್ಟಿಸಿದ್ದು ಈ ಪ್ರಯೋಗವೇ. ಆದರೂ ಅದು ಕತ್ತರಿಸಿ ತೆಗೆದ ತುಣುಕಿನ ಅಳತೆಯಾಗಿತ್ತೇ ಹೊರತು ಚಿತ್ರವಾಗಿರಲಿಲ್ಲ.

ಈ ನ್ಯೂಕ್ಲಿಯಸ್‌ಗಳು ಮರಳಿ ಕೊಡುವ ರೇಡಿಯೋ ಸಂಕೇತ ದೇಹದ ಎಲ್ಲಿಂದ ಬಂತೆಂದು ತಿಳಿಯುವ ದಾರಿಯನ್ನು ತೆರೆದವರು ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿದ್ದ ರಸಾಯನಶಾಸ್ತ್ರಜ್ಞ ಲಾಟರ್ಬರ್. ಕಾಂತಕ್ಷೇತ್ರವನ್ನು ಆದಷ್ಟು ಏಕರೂಪವಾಗಿಡಲು ಎಲ್ಲರೂ ಹೆಣಗುತ್ತಿದ್ದ ಕಾಲದಲ್ಲಿ ಅವರು ಅದನ್ನು ಬೇಕೆಂದೇ ಒಂದು ಬದಿಯಿಂದ ಇನ್ನೊಂದು ಬದಿಗೆ ಏರುವಂತೆ ಮಾಡಿದರು. ಕ್ಷೇತ್ರ ಹೆಚ್ಚಿದ್ದಲ್ಲಿ ಆವರ್ತನವೂ ಹೆಚ್ಚುವುದರಿಂದ, ಆವರ್ತನವನ್ನು ಅಳೆದರೆ ಜಾಗ ತಿಳಿಯುತ್ತದೆ. ಭಾರಜಲದೊಳಗೆ (ಸಾಮಾನ್ಯ ಹೈಡ್ರೋಜನ್ ಬದಲು ಅದರ ಭಾರವಾದ ರೂಪವಿರುವ, ಹಾಗಾಗಿ ಈ ಆವರ್ತನಕ್ಕೆ ಸ್ಪಂದಿಸದ ನೀರಿನೊಳಗೆ) ಸಾಮಾನ್ಯ ನೀರು ತುಂಬಿದ ಎರಡು ಸಣ್ಣ ನಳಿಕೆಗಳನ್ನಿಟ್ಟು, ಏರಿಕೆಯ ದಿಕ್ಕನ್ನು ಬದಲಿಸುತ್ತ ಅಳೆದು, ಆ ಅಳತೆಗಳನ್ನೆಲ್ಲ ಜೋಡಿಸಿದಾಗ ಎರಡು ಮಸುಕು ಚುಕ್ಕೆಗಳು ಮೂಡಿದವು. ನೇಚರ್ ಪತ್ರಿಕೆ ಈ ಲೇಖನವನ್ನು ಮೊದಲು ತಿರಸ್ಕರಿಸಿ, 1973ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಆ ಎರಡು ಚುಕ್ಕೆಗಳಿಗೆ ನಾನು ಕೊಡುವ ಬೆಲೆ ಮುಂದೆ ಬಂದ ಯಾವ ಯಂತ್ರಕ್ಕೂ ಕೊಡಲಾರೆ.

ಜೀವಂತ ಮನುಷ್ಯನ ಎದೆಯ ಚಿತ್ರ ತೆಗೆದದ್ದು ಡಮಾಡಿಯನ್ ತಂಡ. 1977ರ ಜುಲೈ 3ರಂದು ಅವರ ಸಹೋದ್ಯೋಗಿ ಲ್ಯಾರಿ ಮಿಂಕಾಫ್ ಸುಮಾರು ಐದು ಗಂಟೆ ಯಂತ್ರದೊಳಗೆ ಕುಳಿತರು. ಒಂದೊಂದೇ ಬಿಂದುವನ್ನು ಅಳೆದು ಸಿಕ್ಕಿದ್ದು 106 ಬಿಂದುಗಳ ಒರಟು ಚಿತ್ರ. ಆ ಧೈರ್ಯ ದೊಡ್ಡದು, ಆದರೆ ಬಿಂದುಬಿಂದುವಾಗಿ ಅಳೆಯುವ ಆ ಕ್ರಮ ಆಸ್ಪತ್ರೆಗಳಲ್ಲಿ ನೆಲೆಯೂರಲಿಲ್ಲ. ಇತ್ತ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಚಿತ್ರವನ್ನು ಅತಿವೇಗವಾಗಿ ಪಡೆಯುವ ಗಣಿತವನ್ನು ಕಟ್ಟಿದರು. 2003ರ ನೊಬೆಲ್ ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ ಸಂದಿತು. ಡಮಾಡಿಯನ್ ಅವರನ್ನು ಕೈಬಿಟ್ಟದ್ದನ್ನು ಪ್ರತಿಭಟಿಸಿ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತುಗಳು ಬಂದವು.

ಈ ಜಗಳದ ಸದ್ದಿನಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ತಂಡ ಮರೆಯಾದದ್ದು ನನಗೆ ನಿಜಕ್ಕೂ ನೋವಿನ ಸಂಗತಿ. ಉಸಿರಾಟದ ಅಲುಗಾಟದಿಂದ ಚಿತ್ರ ಕೆಡುತ್ತಿದ್ದ ತೊಡಕಿಗೆ ಅಲ್ಲಿನ ಜಿಮ್ ಹಚಿಸನ್, ಬಿಲ್ ಎಡೆಲ್‌ಸ್ಟೈನ್ ಮೊದಲಾದವರು 1980ರಲ್ಲಿ ಸ್ಪಿನ್ ವಾರ್ಪ್ ಎಂಬ ಪರಿಹಾರ ಕಂಡುಕೊಂಡು, ಅದೇ ಆಗಸ್ಟ್‌ನಲ್ಲಿ ಒಬ್ಬ ಕ್ಯಾನ್ಸರ್ ರೋಗಿಯ ದೇಹದ ಚಿತ್ರವನ್ನು ಚಿಕಿತ್ಸೆಗೆ ನೆರವಾಗುವಷ್ಟು ಸ್ಪಷ್ಟವಾಗಿ ಪಡೆದರು. ಇಂದಿನ ಬಹುತೇಕ ಎಂಆರ್‌ಐ ಚಿತ್ರಗಳ ಹಿಂದಿರುವುದು ಅವರ ಆ ವಿಧಾನವೇ.