ಪಿಸ್ಟನ್ ಕಡೆಯ ಪ್ಯಾಡ್

ದೇವರಾಯನದುರ್ಗದಿಂದ ಇಳಿಯುವಾಗ ಹಿಂದೆ ಕೂತಿದ್ದ ಮಗಳು ನನ್ನ ಜರ್ಕಿನ್ ಜಗ್ಗಿ, "ಅಪ್ಪಾ, ಮುಂದ್ಗಡೆ ಏನೋ ಗರಗರ ಅಂತಿದೆ" ಅಂದಳು. ಕಲ್ಲೇನಾದರೂ ಸಿಕ್ಕಿಕೊಂಡಿರಬೇಕು ಅಂದುಕೊಂಡು ಇನ್ನೊಂದು ತಿರುವು ಇಳಿದೆ. ಬ್ರೇಕ್ ಹಿಡಿದಾಗ ಮಾತ್ರ ಸದ್ದು, ಬಿಟ್ಟರೆ ಇಲ್ಲ. ಲಿವರ್ ಹಿಡಿದ ಬೆರಳುಗಳಿಗೆ ಅರದಿಂದ ಕಬ್ಬಿಣ ಉಜ್ಜಿದಂಥ ನಡುಕ. ಬೈಕ್ ಪಕ್ಕಕ್ಕೆ ಹಾಕಿ ಬಗ್ಗಿ ನೋಡಿದರೆ ಮುಂದಿನ ಚಕ್ರದ ಬ್ರೇಕ್ ಡಿಸ್ಕಿನ ಸುತ್ತ ಗೀರುಗಳು, ಆಗಷ್ಟೇ ಕೊರೆದ ಹಾಗೆ ಹೊಳೆಯುತ್ತಿದ್ದವು.

ಅಲ್ಲಿಂದ ನಾಮದ ಚಿಲುಮೆವರೆಗೆ ಒಂದನೇ ಗೇರಿನಲ್ಲಿ, ಹಿಂದಿನ ಬ್ರೇಕ್ ಮೆಲ್ಲಗೆ ಒತ್ತುತ್ತ, ಎರಡು ಕಡೆ ನಿಲ್ಲಿಸಿ ಆರಲು ಬಿಟ್ಟು ಇಳಿದೆ. ನನ್ನದು 150 ಸಿಸಿ ಬೈಕು, 2016ರ ಮಾಡೆಲ್. ಮುಂದೆ ಡಿಸ್ಕ್, ಹಿಂದೆ ಡ್ರಮ್. 125 ಸಿಸಿ ದಾಟಿದ ಬೈಕುಗಳಿಗೆಲ್ಲ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ನನ್ನ ಗಾಡಿ ಅದಕ್ಕೂ ಹಳೆಯದು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ಅದೊಂದು ಕೈಕೊಟ್ಟರೆ ಆ ಇಳಿಜಾರಿನಲ್ಲಿ ಏನಾಗುತ್ತಿತ್ತು ಎಂಬ ಯೋಚನೆ ಮಗಳ ಮುಂದೆ ತೋರಿಸಿಕೊಳ್ಳಲಿಲ್ಲ. ಮನೆಗೆ ಬಂದ ಮೇಲೆ ರಾತ್ರಿ ನಿದ್ದೆ ಮಾತ್ರ ಸರಿಯಾಗಿ ಹತ್ತಲಿಲ್ಲ.

ಬೇಸರವಾದದ್ದು ಇನ್ನೊಂದಕ್ಕೆ. ಅದಕ್ಕೆ ಆರು ವಾರ ಮುಂಚೆ ಬೈಕ್ ಸರ್ವೀಸ್ ಮಾಡಿಸಿದ್ದೆ. ಯಾವ ಸರ್ವೀಸ್ ಸೆಂಟರ್ ಅಂತ ಹೇಳುವುದಿಲ್ಲ. ಜಾಬ್ ಕಾರ್ಡಿನಲ್ಲಿ ಬ್ರೇಕ್ ಚೆಕ್ ಅನ್ನುವ ಸಾಲಿನ ಮುಂದೆ ಟಿಕ್ ಮಾರ್ಕ್ ಇತ್ತು. ಕೇಳಿದ್ದಕ್ಕೆ "ಇನ್ನೂ ಅರ್ಧಕ್ಕರ್ಧ ಇದೆ ಸಾರ್" ಅಂದಿದ್ದರು. ಸುಳ್ಳು ಹೇಳಿದರು ಅಂತ ಈಗ ಅನ್ನಿಸುವುದಿಲ್ಲ. ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಎರಡು ಬ್ರೇಕ್ ಪ್ಯಾಡಿನಲ್ಲಿ ಒಂದನ್ನೇ ನೋಡಿದ್ದರು, ಅಷ್ಟೇ. ಆ ಒಂದನ್ನೇ ನೋಡಿದ್ದರಿಂದ ನನ್ನ ಮಗಳು ಆ ಗಾಡಿಯ ಮೇಲೆ ಬೆಟ್ಟ ಇಳಿದಳು.

ನಾನು ತುಮಕೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು, ಲೆಕ್ಕ ಹಾಕದೆ ಇರಲಾಗಲಿಲ್ಲ. ಬೈಕು, ನಾನು, ಮಗಳು ಎಲ್ಲ ಸೇರಿ 250 ಕಿಲೋ ಅಂದುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 15 ಸಾವಿರ ಜೂಲ್ ಶಕ್ತಿ ಶಾಖವಾಗಬೇಕು. ಅದೇ ಗಾಡಿ ವೇಗ ಏರಿಸಿಕೊಳ್ಳದೆ 100 ಮೀಟರ್ ಎತ್ತರ ಇಳಿದರೆ ಸುಮಾರು 2.45 ಲಕ್ಷ ಜೂಲ್. ಮುಕ್ಕಾಲು ಲೀಟರಿನಷ್ಟು ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು ಶಾಖ ಅದು. ಗೇರ್ ಇಳಿಸಿಕೊಂಡರೆ ಎಂಜಿನ್ ಒಂದು ಪಾಲು ಹೊರುತ್ತದೆ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ಲಿಗೆ ಹಾಕಿ ಇಳಿಯುವ ಹುಡುಗರನ್ನು ಭಾನುವಾರ ಆ ಬೆಟ್ಟದಲ್ಲಿ ಎಷ್ಟು ಜನರನ್ನು ಬೇಕಾದರೂ ನೋಡಬಹುದು. ಅವರ ವಿಷಯದಲ್ಲಿ ಆ ಶಾಖ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿಗೇ. ದಯವಿಟ್ಟು ಹಾಗೆ ಮಾಡಬೇಡಿ.

ಮಾರನೇ ದಿನ ಅಂಗಳದಲ್ಲಿ ಪೇಪರ್ ಹಾಸಿ ಡಬಲ್ ಸ್ಟ್ಯಾಂಡ್ ಹಾಕಿದೆ. ಶಿರಾ ಗೇಟ್ ಕಡೆಯ ನನ್ನ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ವರ್ಷಗಳಿಂದ ನನ್ನ ಗಾಡಿ ಬಲ್ಲವನು. "ಪ್ಯಾಡ್ ಪಿನ್ ಮೊದ್ಲು ಸ್ವಲ್ಪ ಲೂಸ್ ಮಾಡ್ಕೊಳ್ಳಿ ಮೇಷ್ಟ್ರೇ, ಆಮೇಲೆ ಕ್ಯಾಲಿಪರ್ ಬೋಲ್ಟ್ ಬಿಚ್ಚಿ" ಅಂದ. ಇದು ಚಿಕ್ಕ ಮಾತಾದರೂ ಬಲು ಮುಖ್ಯ. ಪ್ಯಾಡುಗಳನ್ನು ಹಿಡಿದಿರುವ ಭಾಗವೇ ಕ್ಯಾಲಿಪರ್; ಅದು ಫೋರ್ಕಿನಲ್ಲಿ ಭದ್ರವಾಗಿ ಕೂತಿರುವಾಗ ಸುಲಭವಾಗಿ ಸಡಿಲವಾಗುವ ಪಿನ್ನು, ಕ್ಯಾಲಿಪರ್ ಕೈಯಲ್ಲಿ ಓಲಾಡುವಾಗ ಅಲುಗಾಡುವುದೂ ಇಲ್ಲ.

ಪ್ಯಾಡ್ ಎರಡೂ ಹೊರಬಂದವು. ಚಕ್ರದ ಕಡೆಯದರಲ್ಲಿ ಘರ್ಷಣೆಯ ಪದರ ಮೂರು ಮಿ.ಮೀ.ಗೂ ಮೇಲೆ, ಸವೆತ ತೋರಿಸುವ ನಡುವಿನ ಗೆರೆ ಚೆನ್ನಾಗಿ ಉಳಿದಿತ್ತು. ಪ್ಯಾಡನ್ನು ಒತ್ತುವ ಪಿಸ್ಟನ್ ಕಡೆಯದರಲ್ಲಿ ಪದರವೇ ಇಲ್ಲ. ಒಂದು ಮೂಲೆಯಲ್ಲಿ ಉಗುರಿನಷ್ಟು ಕಪ್ಪು, ಉಳಿದದ್ದೆಲ್ಲ ಬರೀ ಉಕ್ಕಿನ ತಗಡು, ಬಿಸಿಗೆ ನೀಲಿ ತಿರುಗಿತ್ತು. ಬಗ್ಗಿ ನೋಡಿದಾಗ ಕಾಣುತ್ತಿದ್ದದ್ದು ದಪ್ಪಗಿದ್ದ ಪ್ಯಾಡು. ಸವೆದದ್ದು ಕ್ಯಾಲಿಪರಿನ ಮೈಯ ಮರೆಯಲ್ಲಿತ್ತು.

ಫೋಟೋ ಕಳಿಸಿದೆ. ಎರಡೇ ನಿಮಿಷದಲ್ಲಿ ಅವನೇ ಫೋನ್ ಮಾಡಿದ. "ಸ್ಲೈಡ್ ಪಿನ್ ಜಾಮ್ ಆಗಿದೆ ಮೇಷ್ಟ್ರೇ. ಬರೀ ಪ್ಯಾಡ್ ಹಾಕಿದ್ರೆ ಇನ್ನ್ ನಾಕ್ ತಿಂಗ್ಳಿಗೆ ಮತ್ತೆ ಇದೇ ಕತೆ."

ನಮ್ಮಂಥ ಬೈಕುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಂದೇ ಕಡೆ. ಅದು ತನ್ನ ಕಡೆಯ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ, ಕ್ಯಾಲಿಪರಿನ ಮೈ ಎರಡು ಪಿನ್ನುಗಳ ಮೇಲೆ ಜಾರಿ ಆಚೆ ಕಡೆಯ ಪ್ಯಾಡನ್ನು ಎಳೆದುಕೊಂಡು ಬರಬೇಕು. ಪಿನ್ನು ತುಕ್ಕು ಹಿಡಿದು ಜಾರದೇ ಹೋದರೆ ಜೋಡೆತ್ತಿನಲ್ಲಿ ಒಂದೇ ಎತ್ತು ನೊಗ ಎಳೆದ ಹಾಗೆ. ಬ್ರೇಕ್ ಬಿಟ್ಟಾಗಲೂ ಪೂರ್ತಿ ಸಡಿಲವಾಗುವುದಿಲ್ಲ, ಆ ಒಂದು ಪ್ಯಾಡು ಸವೆಯುತ್ತಲೇ ಇರುತ್ತದೆ. ನನ್ನ ಪಿನ್ನುಗಳಲ್ಲಿ ಒಂದರ ರಬ್ಬರ್ ಬೂಟು, ಅಂದರೆ ಮುಸುಕು, ಸೀಳಿತ್ತು. ಮಳೆನೀರು ಒಳಗೆ ಹೋಗಿ ಗ್ರೀಸ್ ಒಣಗಿ ಕಂದು ಪುಡಿಯಾಗಿತ್ತು. ಪ್ಯಾಡ್ ತಿಂದದ್ದು ಐವತ್ತು ರೂಪಾಯಿಯೂ ಇಲ್ಲದ ಆ ರಬ್ಬರು.

ಡಿಸ್ಕ್ ಉಳಿಯುತ್ತೋ ಇಲ್ಲವೋ ಅನ್ನುವುದು ಮುಂದಿನ ಪ್ರಶ್ನೆ. ಕನಿಷ್ಠ ದಪ್ಪ ಎಷ್ಟಿರಬೇಕು ಎಂಬುದನ್ನು ಡಿಸ್ಕಿನ ಮೇಲೇ ಕೊರೆದಿರುತ್ತಾರೆ, ನನ್ನದರಲ್ಲಿ 3.5 ಮಿ.ಮೀ. ಪ್ರಥಮ ಪಿಯುಸಿ ಮಕ್ಕಳಿಗೆ ಮೊದಲ ಪ್ರಯೋಗವಾಗಿ ಹೇಳಿಕೊಡುವ ವರ್ನಿಯರ್ ಕ್ಯಾಲಿಪರನ್ನೇ ಪ್ರಾಂಶುಪಾಲರಿಗೆ ಹೇಳಿ ಮನೆಗೆ ತಂದೆ. ಇಲ್ಲೊಂದು ಮೋಸವಿದೆ. ಡಿಸ್ಕಿನ ಅಂಚಿಗೆ ಪ್ಯಾಡ್ ತಾಗದೆ ಅಲ್ಲಿ ದಪ್ಪ ಹಾಗೇ ಉಳಿದಿರುತ್ತದೆ. ವರ್ನಿಯರಿನ ದವಡೆ ಆ ಅಂಚಿನ ಮೇಲೆ ಕೂತು ಹೆಚ್ಚು ತೋರಿಸುತ್ತದೆ. ಅದಕ್ಕೆ ಸವೆದ ಜಾಗದಲ್ಲಿ ಎರಡೂ ಕಡೆ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆದೆ. ನಾಲ್ಕು ಕಡೆ ಅಳೆದಾಗ ಅತಿ ಕಡಿಮೆ ಬಂದದ್ದು 3.8. ಗೀರುಗಳು ಉಗುರಿಗೆ ಸಿಗುತ್ತಿದ್ದರೂ ಆಳವಿರಲಿಲ್ಲ. ಮೆಕ್ಯಾನಿಕ್ ತಾನೇ ಬಂದು ಬೆರಳಾಡಿಸಿ ನೋಡಿ "ನಡೀತದೆ, ಆದ್ರೆ ಮುಂದಿನ್ ಸಲ ಪ್ಯಾಡಿನ್ ಜೊತೆ ಇದನ್ನೂ ಹಾಕಿ" ಅಂದ ಮೇಲೇ ನನಗೆ ಸಮಾಧಾನ.

ಹೊಸ ಪ್ಯಾಡ್ ತರಲು ಹೋದ ಅಂಗಡಿಯಲ್ಲಿ ಮೂರು ಥರ ಮುಂದಿಟ್ಟರು. ನೂರೈವತ್ತು ರೂಪಾಯಿಯದೊಂದು, ಕವರಿನ ಮೇಲೆ ಪಾರ್ಟ್ ನಂಬರೂ ಇಲ್ಲ, ಎಂಆರ್‌ಪಿಯೂ ಇಲ್ಲ. ಅದನ್ನು ಕೈಯಲ್ಲಿ ಹಿಡಿಯಲೂ ಮನಸ್ಸಾಗಲಿಲ್ಲ. ಎರಡನೆಯದು ಗಾಡಿಯ ಕಂಪನಿಯೇ ಕೊಡುವ ಆರ್ಗ್ಯಾನಿಕ್ ಪ್ಯಾಡ್, ನಾನೂರ ಚಿಲ್ಲರೆ. ಮೂರನೆಯದು ಸಿಂಟರ್ಡ್, ಅದರ ಎರಡರಷ್ಟು ಬೆಲೆ. "ಬೆಟ್ಟಗಿಟ್ಟ ಹತ್ತೋರು ನೀವು, ಸಿಂಟರ್ಡ್ ತಗೊಳ್ಳಿ ಸಾರ್, ಲೈಫ್ ಬರುತ್ತೆ" ಅಂದರು ಅಂಗಡಿಯವರು.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆರ್ಗ್ಯಾನಿಕ್ ಅಂದರೆ ನಾರು ಮತ್ತಿತರ ವಸ್ತುಗಳನ್ನು ರಾಳದಿಂದ ಅಂಟಿಸಿ ಮಾಡಿದ್ದು. ಸದ್ದು ಕಡಿಮೆ, ತಣ್ಣಗಿರುವಾಗಲೂ ಹಿಡಿತ ಚೆನ್ನ, ಡಿಸ್ಕಿಗೆ ಮೆದು. ಅತಿ ಬಿಸಿಯಾದರೆ ರಾಳ ಸುಟ್ಟು ಮೇಲ್ಮೈ ಗಾಜಿನ ಹಾಗೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಸಿಂಟರ್ಡ್ ಅಂದರೆ ತಾಮ್ರ ಮುಂತಾದ ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಬೆಸೆದದ್ದು. ಬಿಸಿಯನ್ನೂ ಮಳೆಯನ್ನೂ ತಡೆಯುತ್ತದೆ, ಬಾಳಿಕೆಯೂ ಹೆಚ್ಚು. ಆದರೆ ಅದಕ್ಕೆಂದೇ ಮಾಡಿರದ ಡಿಸ್ಕನ್ನು ಬೇಗ ಸವೆಸುತ್ತದೆ, ಮತ್ತು ನನ್ನ ಡಿಸ್ಕಿನಲ್ಲಿ ಉಳಿದಿದ್ದದ್ದು ಬರೀ 0.3 ಮಿ.ಮೀ. ವರ್ಷಕ್ಕೆ ಎರಡು ಸಲ ದುರ್ಗ ಹತ್ತಿ, ಮಿಕ್ಕ ದಿನವೆಲ್ಲ ಬಿ.ಎಚ್. ರಸ್ತೆಯ ಸಿಗ್ನಲ್ಲುಗಳಲ್ಲಿ ನಿಲ್ಲುವ ಗಾಡಿಗೆ ಕಂಪನಿಯದೇ ಸಾಕು ಅಂತ ತೀರ್ಮಾನಿಸಿದೆ. ದಿನಾ ಘಾಟಿ ಇಳಿಯುವವರಾದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಹಾಕುವ ಕೆಲಸ ಅರ್ಧ ಗಂಟೆಯದು, ಒರೆಸುವುದು ಒಂದು ಗಂಟೆಯದು. ಪ್ಯಾಡಿನ ಧೂಳನ್ನು ಬಾಯಿಂದ ಊದಬಾರದು, ಒದ್ದೆ ಬಟ್ಟೆಯಲ್ಲಿ ತೆಗೆಯಬೇಕು. ಪಿಸ್ಟನ್ನಿನ ಸುತ್ತಲಿನ ಕೊಳೆಗೆ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು; ಪೆಟ್ರೋಲ್ ಮುಟ್ಟಿಸಿದರೆ ಒಳಗಿನ ರಬ್ಬರ್ ಸೀಲು ಊದಿಕೊಳ್ಳುತ್ತದೆ. ಕೊಳೆಯಿರುವ ಹಾಗೇ ಪಿಸ್ಟನ್ ಒಳಗೆ ತಳ್ಳಿದರೆ ಸೀಲು ಹಾಳು. ಹಳೆಯ ಪ್ಯಾಡನ್ನು ಅಡ್ಡ ಇಟ್ಟು ಹೆಬ್ಬೆರಳುಗಳಿಂದ ಮೆಲ್ಲಗೆ ಒತ್ತುವಾಗ ಮಗಳನ್ನು ಹ್ಯಾಂಡಲ್ ಹತ್ತಿರ ನಿಲ್ಲಿಸಿದ್ದೆ. "ಮೇಲೆ ಬರ್ತಿದೆ ಅಪ್ಪಾ, ಸಾಕು, ಸಾಕು!" ಪಿಸ್ಟನ್ ಹಿಂದೆ ಸರಿದಷ್ಟೂ ಹ್ಯಾಂಡಲ್ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ಉಕ್ಕಿ ಟ್ಯಾಂಕಿನ ಮೇಲೆ ಬಿದ್ದರೆ ಪೇಂಟ್ ತಿಂದುಬಿಡುತ್ತದೆ. ಸುತ್ತ ಹಳೆಯ ಪಂಚೆ ಹೊದಿಸಿದ್ದೆವು.

ಸ್ಲೈಡ್ ಪಿನ್ನುಗಳನ್ನು ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ, ಹೊಸ ಬೂಟು ಹಾಕಿ, ಸಿಲಿಕೋನ್ ಗ್ರೀಸ್ ಹಚ್ಚಿದೆ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇಲ್ಲಿ ಬೇಡ, ಅದೂ ರಬ್ಬರಿಗೆ ಆಗದು. ಆಮೇಲೆ ಕ್ಯಾಲಿಪರನ್ನು ಒಂದು ಬೆರಳಿನಿಂದ ತಳ್ಳಿ ನೋಡಿದೆ. ಎಣ್ಣೆ ಹಾಕಿದ ಬಾಗಿಲ ಚಿಲಕದ ಹಾಗೆ ಸರಾಗವಾಗಿ ಹೋಗಿ ಬಂತು. ಆ ದಿನದ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟ ಗಳಿಗೆ ಅದು.

ಇನ್ನೊಂದು ಮಾತು ಮರೆಯಬಾರದು. ಎಲ್ಲ ಬಿಗಿದಾದ ಮೇಲೆ ಮೊದಲ ಸಲ ಲಿವರ್ ಹಿಡಿದರೆ ಅದು ಸೀದಾ ಹ್ಯಾಂಡಲ್ ಮುಟ್ಟುತ್ತದೆ, ಬ್ರೇಕೇ ಇಲ್ಲ! ಪಿಸ್ಟನ್ ಮತ್ತೆ ಪ್ಯಾಡಿಗೆ ಬಂದು ತಾಗುವವರೆಗೆ ಹತ್ತು ಹದಿನೈದು ಸಲ ಒತ್ತಿ, ಲಿವರ್ ಗಟ್ಟಿಯಾದ ಮೇಲೆಯೇ ಗಾಡಿ ಅಲುಗಾಡಿಸಬೇಕು.

ಬೆಳಿಗ್ಗೆ ಐದೂವರೆಗೆ ಖಾಲಿ ಇದ್ದ ರಿಂಗ್ ರೋಡಿನಲ್ಲಿ ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಕೊಳ್ಳುವಂತೆ ಪಳಗಿಸಿದೆ. 40ರಿಂದ 10ಕ್ಕೆ ಮೆಲ್ಲಗೆ ಇಳಿಸುವುದು, ಸ್ವಲ್ಪ ದೂರ ಓಡಿಸಿ ಆರಿಸುವುದು, ಮತ್ತೆ ಇಳಿಸುವುದು, ಹೀಗೆ ಇಪ್ಪತ್ತು ಸಲ. ಮೊದಮೊದಲು ಜಾರಿದ ಹಾಗಿದ್ದ ಹಿಡಿತ ಹನ್ನೆರಡನೆಯ ಸಲದ ಹೊತ್ತಿಗೆ ಬೆರಳಿಗೆ ಗೊತ್ತಾಗುವಷ್ಟು ಬಂತು. ವಾಪಸ್ ಬರುತ್ತ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡೆ.

ಈಗ ತಿಂಗಳಿಗೊಮ್ಮೆ ಟಾರ್ಚ್ ಬಿಟ್ಟು ಎರಡೂ ಪ್ಯಾಡ್ ನೋಡುತ್ತೇನೆ, ಪಿಸ್ಟನ್ ಕಡೆಯದನ್ನು ಮೊದಲು. ಡಬ್ಬಿಯ ಕಿಟಕಿಯಲ್ಲಿ ಬ್ರೇಕ್ ಆಯಿಲ್ ಕಂದು ಬಣ್ಣಕ್ಕೆ ತಿರುಗಿರುವುದು ಮೊನ್ನೆ ಕಣ್ಣಿಗೆ ಬಿತ್ತು. ಅದು ಗಾಳಿಯ ತೇವ ಹೀರುತ್ತ ಹೋದಷ್ಟೂ ಕಡಿಮೆ ಶಾಖಕ್ಕೇ ಕುದಿಯುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಸೀಲ್ ಒಡೆಯದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಬಾಟಲಿ ತಂದು ಕಪಾಟಿನಲ್ಲಿಟ್ಟಿದ್ದೇನೆ. ಯುಗಾದಿ ರಜೆಗೆ ಮಗಳೂ ನಾನೂ ಅದನ್ನು ಮಾಡುವವರಿದ್ದೇವೆ.