ಅಪ್ಪನ ಕನ್ನಡಕ ಮತ್ತು ಶ್ರೀನಿವಾಸಪುರದ 10,000 ಜನ

ಅಪ್ಪ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮುಗಿಸಿ ಬಂದು "ನನ್ನ ಕನ್ನಡಕ ಎಲ್ಲಿಟ್ಟೆ?" ಅಂತ ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ಸುಮ್ನೆ ಮರೆತರಾ, ಇಲ್ಲಾ ಕಾಯಿಲೆಯ ಶುರುವಾ? ಒಂದು ದಿನದ ಪರೀಕ್ಷೆಯಲ್ಲಿ ಇದನ್ನು ಹೇಳುವುದು ಕಷ್ಟ. ಹೋದ ವರ್ಷ ಹೇಗಿದ್ದರು, ಅದರ ಹಿಂದಿನ ವರ್ಷ ಹೇಗಿದ್ದರು ಅಂತ ಗೊತ್ತಿರಬೇಕು ಅಲ್ವಾ?

ನಮ್ಮ ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಕೈಹಾಕಿರುವುದು ಇದಕ್ಕೇ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನ, ಬೆಂಗಳೂರಿನಲ್ಲಿ 1,000 ಜನ, ಇವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕರೆದು ರಕ್ತ, ನೆನಪಿನ ಶಕ್ತಿ, ನಡಿಗೆ, ಮೆದುಳಿನ ಎಂಆರ್‌ಐ ಎಲ್ಲ ನೋಡುವ ಯೋಜನೆ ಅದು. ಸೇರುವಾಗ ಮರೆವಿನ ಕಾಯಿಲೆ ಇರಬಾರದು. ಚೆನ್ನಾಗಿದ್ದವರಲ್ಲಿ ಅದು ಯಾರಿಗೆ, ಯಾಕೆ ಬರುತ್ತದೆ ಅನ್ನುವುದೇ ಪ್ರಶ್ನೆ. ಹಳ್ಳಿಯವರನ್ನು ಸೇರಿಸಿದ್ದು ನನಗೆ ತುಂಬಾ ಹಿಡಿಸಿತು. ಆದರೆ ಪರೀಕ್ಷೆಯೂ ಅವರಿಗೆ ತಕ್ಕ ಹಾಗೆ ಇರಬೇಕು. ಶಾಲೆಯ ಮೆಟ್ಟಿಲೇ ಹತ್ತದ ಅಜ್ಜಿಯ ಕೈಗೆ ಪೆನ್ನು ಪೇಪರ್ ಕೊಟ್ಟು ಪರೀಕ್ಷೆ ಮಾಡಿದರೆ ನಾವು ಅಳೆಯುವುದು ಅವರ ನೆನಪನ್ನಲ್ಲ, ಓದು ಬರಹವನ್ನು.

ಇಡೀ ದೇಶಕ್ಕೆ ಲಾಸಿ (ಲಾಂಜಿಟ್ಯೂಡಿನಲ್ ಏಜಿಂಗ್ ಸ್ಟಡಿ ಇನ್ ಇಂಡಿಯಾ) ಅಂತ, ವಯಸ್ಸಾಗುತ್ತಿರುವವರ ಬಗ್ಗೆ ಇನ್ನೊಂದು ಅಧ್ಯಯನ ಇದೆ. ಮೊದಲ ಸುತ್ತು 2017-18ರಲ್ಲಿ ನಡೆಯಿತು, 72,000ಕ್ಕೂ ಜಾಸ್ತಿ ಜನ. ಮನೆಗೇ ಬಂದು ಬಿಪಿ ನೋಡಿ, ಕೈ ಹಿಡಿತದ ಬಲ ಅಳೆದು, ಪಿಂಚಣಿ, ಸಾಲ, ಮನೆಯವರ ಜೊತೆಗಿನ ಒಡನಾಟ ಇವೆಲ್ಲವನ್ನೂ ಕೇಳುತ್ತಾರೆ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. "ನನ್ನನ್ನೂ ಸೇರಿಸಿಕೊಳ್ಳುತ್ತಾರಾ ಕೇಳಮ್ಮ" ಅಂದರು. ನಾಳೆ ವಿಚಾರಿಸುತ್ತೇನೆ.